ಹೆದರಿದ ಹಸು ಸೊರ ಬಿಡದೇಕೆ?



“ಕೆಚ್ಚಲು ತುಂಬಿದೆ, ಸೊರ ಬಿಡುತ್ತಿಲ್ಲ ಡಾಕ್ಟ್ರೇ” ಎಂಬ ದೂರು ಹಲವರದು. ಹಸು ಹಾಲು ಕದಿಯುತ್ತದೆಂದು ಬಡಿಯುವವರೂ ಇದ್ದಾರೆ. ಬಡಿದಷ್ಟೂ ನಷ್ಟ ನಿಮಗೇ.

ಕರು ಚೀಪಿದಾಗ ಅಥವಾ ನೀವು ಕೆಚ್ಚಲು ತೊಳೆದಾಗ ಮೊಲೆಯ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತದಲ್ಲಿ ಹರಿದು ಬಂದು ಕೆಚ್ಚಲಿನೊಳಗಿನ ಹಾಲಿನ ಗೂಡುಗಳನ್ನು ಹಿಂಡುತ್ತದೆ.

1941ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಈಲಿ ಮತ್ತು ಪೀಟರ್ಸನ್ ಅರ್ಧ ಕೆಚ್ಚಲಿನ ನರಗಳನ್ನು ಕತ್ತರಿಸಿ ನೋಡಿದರು. ಆ ಭಾಗವೂ ಸೊರ ಬಿಟ್ಟಿತು! ಅಂದರೆ ಸುದ್ದಿ ಹೋಗುವುದು ನರದಲ್ಲಿ, ಅಪ್ಪಣೆ ಬರುವುದು ರಕ್ತದಲ್ಲಿ. ಹಸುವಿನ ಬೆನ್ನ ಮೇಲೆ ಬೆಕ್ಕು ಬಿಟ್ಟು, ಕಾಗದದ ಚೀಲ ಒಡೆದು ಹೆದರಿಸಿದಾಗ ಹಾಲು ಇಳಿಯಲಿಲ್ಲ. (ನಮ್ಮ ಕೊಟ್ಟಿಗೆಗೆ ಬೆಕ್ಕೇಕೆ, ನಾಯಿ, ಬೈಗುಳ ಸಾಕು.) ಹೆದರಿಕೆಯಲ್ಲಿ ಅಡ್ರಿನಾಲಿನ್ ಸುರಿದು ಕೆಚ್ಚಲಿನ ರಕ್ತನಾಳಗಳು ಕುಗ್ಗುತ್ತವೆ, ಆಕ್ಸಿಟೋಸಿನ್ ಸಾಕಷ್ಟು ತಲುಪುವುದಿಲ್ಲ.

ಒಳಗೆ ಉಳಿಯುವುದು ಕೊನೆಯ ಹಾಲು. ಹೆಚ್ಚು ಜಿಡ್ಡಿರುವುದು ಅದರಲ್ಲೇ. ಸಂಘದಲ್ಲಿ ಫ್ಯಾಟ್ ಕಡಿಮೆ ಬಂದರೆ ಪರೀಕ್ಷಕರನ್ನು ದೂರುವ ಮೊದಲು ಇದನ್ನು ನೆನೆಯಿರಿ. ಆಕ್ಸಿಟೋಸಿನ್ ಪ್ರಭಾವ ಕೆಲವೇ ನಿಮಿಷ. ಕೆಚ್ಚಲು ತೊಳೆದು ಒಂದು ನಿಮಿಷದಲ್ಲಿ ಕುಳಿತು, ಏಳೆಂಟು ನಿಮಿಷದಲ್ಲಿ ಕರೆದು ಮುಗಿಸಿ. ಸೊರ ಬಿಡದಿದ್ದರೆ ಇಂಜೆಕ್ಷನ್ ಕೇಳಬೇಡಿ. ಮೊಲೆಯಲ್ಲಿ ಗಾಯ, ಬಾವು ಇದೆಯೇ ನೋಡಿ, ನಾಯಿಯನ್ನು ಹೊರಗೆ ಕಟ್ಟಿ.