ಚರಿತ್ರೆ ಮತ್ತು ಪೌರನೀತಿ: ಉತ್ತರ ಬರೆಯುವ ಬಗೆ

ಪರೀಕ್ಷೆ ಸಮೀಪಿಸಿದಂತೆ ನಮ್ಮ ವಿದ್ಯಾರ್ಥಿಗಳು ಚರಿತ್ರೆಯ ಇಸವಿಗಳನ್ನೂ ಸಂವಿಧಾನದ ವಿಧಿಗಳನ್ನೂ ಉರುಹೊಡೆಯತೊಡಗುತ್ತಾರೆ. ಹತ್ತನೆಯ ತರಗತಿಯವರೆಗೆ ಈ ಕ್ರಮ ಹೇಗೋ ಸಾಗೀತು. ಮುಂದೆ ಹೈಯರ್ ಸೆಕೆಂಡರಿಯಲ್ಲಿ ಚರಿತ್ರೆ, ರಾಜ್ಯಶಾಸ್ತ್ರಗಳನ್ನು ಆರಿಸಿಕೊಳ್ಳುವವರಿಗೆ ಅದು ಸಾಲದು. ಅಲ್ಲಿ 'ಯಾವಾಗ?' ಎಂದು ಕೇಳುವುದು ಕಡಮೆ, 'ಏಕೆ?', 'ಯಾವ ಅಧಿಕಾರದಿಂದ?', 'ಪರಿಣಾಮವೇನು?' ಎಂದು ಕೇಳುವುದೇ ಹೆಚ್ಚು. ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಓದುವ ಬಗೆಯನ್ನು, ಕಾಸರಗೋಡಿನವರಾದ ನಮಗೆ ಹತ್ತಿರದ ಒಂದು ಉದಾಹರಣೆಯಿಂದ ನೋಡೋಣ.

'1956ರ ರಾಜ್ಯ ಪುನರ್ವಿಂಗಡಣೆಯನ್ನು ವಿಮರ್ಶಿಸಿರಿ' ಎಂಬುದು ಪ್ರಶ್ನೆಯೆಂದು ಇಟ್ಟುಕೊಳ್ಳೋಣ.

ಮೊದಲು 'ಏಕೆ?'. 1920ರ ನಾಗಪುರ ಅಧಿವೇಶನದಲ್ಲಿಯೇ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದಲ್ಲಿ ಏರ್ಪಡಿಸಲು ಒಪ್ಪಿತ್ತು. ಸ್ವಾತಂತ್ರ್ಯದ ಬಳಿಕ, 1948ರಲ್ಲಿ, ಧರ್ ಆಯೋಗವು ಕೇವಲ ಭಾಷೆಯನ್ನು ಆಧಾರವಾಗಿಟ್ಟು ರಾಜ್ಯ ರಚಿಸುವುದು ಸರಿಯಲ್ಲವೆಂದಿತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಮಡಿದರು; 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ವರ್ಷದ ಕೊನೆಗೆ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರ ಆಯೋಗ ನೇಮಕವಾಗಿ, 1955ರಲ್ಲಿ ವರದಿ ಕೊಟ್ಟಿತು. ಇಲ್ಲಿ ಒಂದು ಸಂಗತಿ ಮುಂದಿನದಕ್ಕೆ ಕಾರಣವಾಗುತ್ತ ಹೋಗಿದೆ. ಈ ಸರಪಳಿ ತಿಳಿದವನಿಗೆ ಇಸವಿಗಳು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ.

ಎರಡನೆಯದು 'ಯಾವ ಅಧಿಕಾರದಿಂದ?'. ಸಂವಿಧಾನದ 3ನೆಯ ವಿಧಿಯಂತೆ ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿಗಿದೆ. ಮಸೂದೆಗೆ ರಾಷ್ಟ್ರಪತಿಯ ಶಿಫಾರಸು ಬೇಕು. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು. ಆದರೆ ಅದರ ಒಪ್ಪಿಗೆ ಬೇಕೆಂದಿಲ್ಲ. 'ಅಭಿಪ್ರಾಯ' ಎಂದು ಬರೆಯಬೇಕಾದಲ್ಲಿ 'ಒಪ್ಪಿಗೆ' ಎಂದು ಬರೆದರೆ ಉತ್ತರವೇ ತಪ್ಪಾಗುವುದು.

ಮೂರನೆಯದು 'ಪರಿಣಾಮವೇನು?'. 1956ರ ನವೆಂಬರ್ 1ರಂದು 14 ರಾಜ್ಯಗಳೂ 6 ಕೇಂದ್ರಾಡಳಿತ ಪ್ರದೇಶಗಳೂ ಏರ್ಪಟ್ಟವು. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇದನ್ನು ಬರೆಯುವಾಗ ಮನೆಯಲ್ಲಿ ಹಿರಿಯರಿಂದ ಕೇಳಿದ ನೋವು ಲೇಖನಿಗೆ ಬರುವುದು ಸಹಜ. ಆದರೆ 'ವಿಮರ್ಶಿಸಿರಿ' ಎಂದಾಗ ಎರಡೂ ಪಕ್ಷದ ವಾದಗಳನ್ನು ಮುಂದಿಡಬೇಕು. ತಾಲೂಕಿನಲ್ಲಿ ಮಲೆಯಾಳ ಮಾತಾಡುವವರು ಹೆಚ್ಚೆಂದು ಮೊದಲಿನ ಆಯೋಗ ಹೇಳಿತ್ತು. ತಾಲೂಕನ್ನು ಇಡಿಯಾಗಿ ನೋಡದೆ ಹೊಳೆಯ ಉತ್ತರಭಾಗವನ್ನು ಬೇರೆಯಾಗಿ ನೋಡಬೇಕೆಂಬುದು ಕನ್ನಡಿಗರ ಪಕ್ಷ. ಎರಡನ್ನೂ ಹೇಳಿದ ಬಳಿಕವೇ ನಿಮ್ಮ ತೀರ್ಮಾನಕ್ಕೆ ಬೆಲೆ.

ಇನ್ನು, ಹಲವರು ಎಡವುವ ಒಂದು ಜಾಗ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿತು. 'ಮಾತೃಭಾಷೆಯಲ್ಲಿ ಓದುವ ಮೂಲಭೂತ ಹಕ್ಕನ್ನು 350ಎ ಕೊಡುತ್ತದೆ' ಎಂದು ಬರೆಯುವವರಿದ್ದಾರೆ. ಇದು ಸರಿಯಲ್ಲ. ಆ ವಿಧಿ ಮೂಲಭೂತ ಹಕ್ಕುಗಳ ಭಾಗದಲ್ಲಿಲ್ಲ. ಭಾಷೆಗಳಿಗೆ ಸಂಬಂಧಿಸಿದ ಹದಿನೇಳನೆಯ ಭಾಗದಲ್ಲಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಸೌಕರ್ಯ ಒದಗಿಸುವುದಕ್ಕೆ ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅದೂ ಪ್ರಾಥಮಿಕ ಹಂತಕ್ಕೆ ಮಾತ್ರ. ತಮ್ಮ ಭಾಷೆ, ಲಿಪಿಗಳನ್ನು ಉಳಿಸಿಕೊಳ್ಳುವ ಹಕ್ಕು 29ನೆಯ ವಿಧಿಯಲ್ಲಿದೆ. ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು 30ನೆಯ ವಿಧಿಯಲ್ಲಿದೆ. ಇವೆರಡು ಮೂಲಭೂತ ಹಕ್ಕುಗಳು. ಪರೀಕ್ಷೆಯಲ್ಲಿ ಈ ವ್ಯತ್ಯಾಸಕ್ಕೆ ಒಂದೆರಡು ಅಂಕಗಳಿದ್ದಾವು. ಆದರೆ ನಾಳೆ ನಮ್ಮ ಶಾಲೆಗಾಗಿ ನೀವೇ ಒಂದು ಮನವಿ ಬರೆಯಬೇಕಾಗಿ ಬಂದಾಗ, ವಿಧಿಯನ್ನು ತಪ್ಪಾಗಿ ಹೇಳಿದ ಮನವಿ ಬಲವಿಲ್ಲದ್ದಾಗುತ್ತದೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಪೌರನೀತಿಯು ಬರಿಯ ಅಂಕದ ವಿಷಯವಲ್ಲ.

ಅಭ್ಯಾಸಕ್ಕಾಗಿ ಹೀಗೆ ಮಾಡಿರಿ. ನೋಟುಪುಸ್ತಕದ ಪುಟವನ್ನು ಕಾರಣ, ಅಧಿಕಾರ, ಪರಿಣಾಮ ಎಂದು ಮೂರು ಕಲಮುಗಳಾಗಿ ವಿಂಗಡಿಸಿ, ಪ್ರತಿಯೊಂದು ಪಾಠವನ್ನೂ ಅದರಲ್ಲಿ ತುಂಬಿರಿ. ಯಾವ ಕಲಮು ಖಾಲಿ ಉಳಿಯಿತೋ ಆ ಭಾಗವನ್ನು ಮತ್ತೊಮ್ಮೆ ಓದಿರಿ. ಶಾಸನ, ಮಸೂದೆ, ತಿದ್ದುಪಡಿ ಮೊದಲಾದ ಶಬ್ದಗಳ ಪಕ್ಕದಲ್ಲಿ ಇಂಗ್ಲಿಷ್ ಮತ್ತು ಮಲೆಯಾಳದ ಶಬ್ದಗಳನ್ನೂ ಬರೆದಿಡಿರಿ. ಮುಂದಿನ ತರಗತಿಗಳಲ್ಲಿ ಅವು ಎದುರಾದಾಗ ಅಳುಕಬೇಕಾಗದು. ವಾರಕ್ಕೊಂದು ಉತ್ತರವನ್ನು ಪುಸ್ತಕ ಮುಚ್ಚಿ, ಗಡಿಯಾರ ನೋಡಿ ಬರೆಯಿರಿ. ಬರೆದುದನ್ನು ಗೆಳೆಯನಿಗೆ ಕೊಟ್ಟು, ಪ್ರತಿ ವಾಕ್ಯಕ್ಕೂ 'ಏಕೆ?' ಎಂದು ಕೇಳಲು ಹೇಳಿರಿ. ಅವನ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಬಲ್ಲಿರಾದರೆ ಆ ಪಾಠ ನಿಮ್ಮದಾಯಿತೆಂದು ತಿಳಿಯಿರಿ.