ಅರಿಸಮಾಸದಲ್ಲಿ ‘ಅರಿ’ ಯಾವುದು?: ಒಂದು ಪರಿಶೀಲನೆ

ಪರಸ್ಪರ ಹೊಂದದ ಪದಗಳ ಕೂಟವನ್ನು ಕನ್ನಡ ವ್ಯಾಕರಣವು ‘ಅರಿಸಮಾಸ’ವೆಂದು ಕರೆದಿದೆ. ಇಲ್ಲಿಯ ‘ಅರಿ’ ಶತ್ರುವಾಚಕವಾದ ಸಂಸ್ಕೃತ ಪದ. ತಿಳಿ ಎಂಬರ್ಥದ ಕನ್ನಡ ಧಾತುವಲ್ಲ. ಎರಡೂ ಸಂಸ್ಕೃತ ಪದಗಳಾದ್ದರಿಂದ ದೋಷವನ್ನು ಹೆಸರಿಸುವ ಈ ಪಾರಿಭಾಷಿಕಕ್ಕೆ ಆ ದೋಷ ತಟ್ಟುವುದಿಲ್ಲ. ಆದರೆ ಈ ವೈರವು ಪದಗಳ ಮೂಲದಲ್ಲಿದೆಯೋ ಬಳಕೆಯಲ್ಲಿದೆಯೋ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಈ ಚರ್ಚೆಯ ಮೊದಲ ನೆಲೆ ಕಲಬುರಗಿ ಪರಿಸರದ್ದೇ. ಇಂದಿನ ಸೇಡಂ ತಾಲ್ಲೂಕಿನ ಮಳಖೇಡವನ್ನು ರಾಜಧಾನಿಯಾಗಿಸಿಕೊಂಡಿದ್ದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಸಮಾಸದಲ್ಲಿ ಸಂಸ್ಕೃತ-ಕನ್ನಡಗಳ ಬೆರಕೆಯನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರಸುವುದಕ್ಕೆ ಹೋಲಿಸಿದೆ. ಹಾಲೂ ಮಜ್ಜಿಗೆಯೂ ತಮ್ಮಷ್ಟಕ್ಕೆ ದೋಷಯುಕ್ತವಲ್ಲ. ಕೂಡಿಸಿದ ರೀತಿಯಲ್ಲಿ ಕೇಡಿದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ನಿಷೇಧವನ್ನು ಸೂತ್ರೀಕರಿಸಿದರೂ ಬಿರುದಾವಳಿಗೂ ಪೂರ್ವಪ್ರಯೋಗಗಳಿಗೂ ವಿನಾಯಿತಿ ನೀಡಿದ್ದಾನೆ.

ಕಮಲಾಪುರದ ಹೆಸರಿನಲ್ಲಿರುವ ‘ಕಮಲ’ವನ್ನೇ ಪರೀಕ್ಷಿಸಬಹುದು. ‘ಕೆಂದಾವರೆ’ ಸಹಜವಾಗಿದೆ, ‘ಕೆಂಗಮಲ’ ಕಿವಿಗೆ ಒರಟಾಗಿದೆ. ‘ಕೆಂಪು ಕಮಲ’ ಎಂದು ಬಿಡಿಸಿ ನುಡಿದರೆ ಒರಟುತನವಿಲ್ಲ. ಆದ್ದರಿಂದ ವೈರವು ಅರ್ಥದ್ದಲ್ಲ, ಬೆಸುಗೆಯದು. ಆದರೆ ‘ಮಳೆಗಾಲ’, ‘ದಿನಗೂಲಿ’ಗಳೂ ಇಂಥವೇ ಬೆಸುಗೆಗಳು, ಕಕಾರವು ಗಕಾರವಾಗಿದ್ದರೂ ಅವು ಯಾರಿಗೂ ಒರಟೆನಿಸುವುದಿಲ್ಲ. ಹಾಗಾದರೆ ಸಂಧಿಯೊಂದೇ ಕಾರಣವಲ್ಲ, ರೂಢಿಯೇ ನಿರ್ಣಾಯಕ. ಕೇಶಿರಾಜನು ಪೂರ್ವಪ್ರಯೋಗಕ್ಕೆ ನೀಡಿದ ವಿನಾಯಿತಿಯು ಈ ಮಾತನ್ನೇ ಒಪ್ಪಿಕೊಂಡಂತಿದೆ.

ಇದರ ಮತ್ತೊಂದು ಮುಖವೂ ಗಮನಾರ್ಹ. ಭೌಗೋಳಿಕ ಸೂಚನೆಯ ಮಾನ್ಯತೆ ಪಡೆದ ಕಮಲಾಪುರದ ಹಣ್ಣನ್ನು ವ್ಯಾಕರಣಸಮ್ಮತವಾಗಿ ‘ಕೆಂಬಾಳೆ’ ಎನ್ನಬಹುದು. ಬಳಕೆಯಲ್ಲಿರುವುದು ‘ಕೆಂಪು ಬಾಳೆ’ಯೇ. ಶಾಸ್ತ್ರ ಅನುಮತಿಸಿದ್ದೆಲ್ಲ ರೂಢಿಗೆ ಬರಬೇಕೆಂದಿಲ್ಲ.

ಕಲಬುರಗಿ ನಗರದ ‘ಬಸ್ ನಿಲ್ದಾಣ’ವು ಇನ್ನೂ ಬೋಧಪ್ರದ. ‘ನಿಲ್’ ಧಾತುವಿಗೆ ‘ಸ್ಥಾನ’ದ ತದ್ಭವವಾದ ‘ತಾಣ’ ಸೇರಿ, ತಕಾರವು ದಕಾರವಾಗಿ ‘ನಿಲ್ದಾಣ’ವಾಗಿದೆ. ಸಂಸ್ಕೃತ ಪದವು ಕನ್ನಡದ ರೂಪ ತಳೆದ ಮೇಲೆ ಅರಿತನವಿಲ್ಲ. ‘ಬಸ್’ ಮಾತ್ರ ಬೆಸೆದುಕೊಳ್ಳದೆ ಪಕ್ಕದಲ್ಲಿ ನಿಂತಿದೆ. ಪ್ರಾಚೀನ ಸೂತ್ರವು ಉರ್ದು, ಇಂಗ್ಲಿಷ್ ಪದಗಳನ್ನು ಕಂಡದ್ದಲ್ಲ. ಅವುಗಳಿಗೆ ಅದನ್ನು ಯಾಂತ್ರಿಕವಾಗಿ ಅನ್ವಯಿಸುವುದು ಸಾಧುವಲ್ಲ.

ಈ ಭಾಗದ ವಿದ್ಯಾರ್ಥಿಗಳ ನುಡಿ ಹಲವು ಭಾಷೆಗಳ ನೆರೆಹೊರೆಯಲ್ಲಿ ಬೆಳೆದದ್ದು. ಅವರ ಬರಹದ ಮಿಶ್ರಪದಗಳನ್ನು ‘ಅರಿಸಮಾಸ’ವೆಂದು ಗೀಟೆಳೆಯುವ ಮುನ್ನ ಅಧ್ಯಾಪಕರು ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಅದು ಸಮಾಸವೋ ಬಿಡಿಪದಗಳೋ? ಪರಪದವು ಕನ್ನಡದ ರೂಪ ತಳೆದಿದೆಯೇ? ರೂಢಿಯ ಬೆಂಬಲವಿದೆಯೇ? ಈ ಮೂರನ್ನೂ ಕೇಳದೆ ಪದದ ಮೂಲವನ್ನಷ್ಟೇ ನೋಡಿ ದೋಷವೆಣಿಸಿದರೆ, ‘ಮಳೆಗಾಲ’ವನ್ನೂ ಕನ್ನಡದಿಂದ ಹೊರಗಿಡಬೇಕಾಗುತ್ತದೆ.