ಕೆರೆಯ ಪುನರುದ್ಧಾರಕ್ಕೆ ಊರಿನ ಸ್ವಯಂಸೇವಕರನ್ನು ಸಿದ್ಧಪಡಿಸುವ ವಿಧಾನ

ಕೆರೆಯುಳ್ಳ ಗ್ರಾಮದಲ್ಲಿ ಕೆರೆಯ ಸ್ಥಿತಿಯೇ ವ್ಯವಸಾಯದ ಸ್ಥಿತಿಯೆಂಬುದನ್ನು ಹಿಡುವಳಿದಾರರಿಗೆ ವಿವರಿಸಿ ಹೇಳಬೇಕಾದ ಆವಶ್ಯಕತೆಯಿಲ್ಲ. ಹಿಂದಿನ ಕಾಲದಲ್ಲಿ ತೂಬನ್ನು ತೆಗೆದು ಮುಚ್ಚುವುದಕ್ಕೂ, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದಕ್ಕೂ ನೀರಗಂಟಿಯಿದ್ದನು. ಕಾಲುವೆಯ ಹೂಳನ್ನು ತೆಗೆಯುವುದಕ್ಕೆ ಮನೆಗೊಂದಾಳಿನಂತೆ ಊರವರನ್ನು ಕರೆಯಲು ಪಟೇಲರಿದ್ದರು. ೧೯೬೧ನೆಯ ಇಸವಿಯ ಕಾನೂನಿನಿಂದ ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳು ರದ್ದಾದವು. ಅಧಿಕಾರವು ಹೋದುದು ನ್ಯಾಯವೇ ಸರಿ. ಆದರೆ ಅದರೊಡನೆ ನಿಂತುಹೋದ ಕೆಲಸವನ್ನು ಇನ್ನು ಯಾರು ಮಾಡತಕ್ಕದ್ದೆಂಬುದು ಅನೇಕ ಗ್ರಾಮಗಳಲ್ಲಿ ಇಂದಿಗೂ ತೀರ್ಮಾನವಾಗಿಲ್ಲ. ಹಣ ಮಂಜೂರಾದ ವರ್ಷ ಯಂತ್ರಗಳು ಬಂದು ಹೂಳೆತ್ತುತ್ತವೆ. ಕೆಲವು ಮಳೆಗಾಲಗಳು ಕಳೆಯುವಷ್ಟರಲ್ಲಿ ರಾಜಕಾಲುವೆಯು ಮುಚ್ಚಿ, ಏರಿಯ ಮೇಲೆ ಜಾಲಿ ಬೆಳೆದು, ಕೆರೆಯು ಮೊದಲಿನಂತೆಯೇ ಆಗುತ್ತದೆ. ಇದಕ್ಕೆ ಕಾರಣವು ಹಣದ ಕೊರತೆಗಿಂತಲೂ ಹೆಚ್ಚಾಗಿ, ಊರನ್ನು ಕೂಡಿಸಿ ಕೆಲಸವನ್ನು ನಡೆಸಬಲ್ಲ ನಾಲ್ಕಾರು ಜನರ ಕೊರತೆಯೇ ಆಗಿದೆ. ಅಂತಹವರನ್ನು ಊರಿನಲ್ಲಿಯೇ ಹೇಗೆ ಸಿದ್ಧಪಡಿಸಬಹುದೆಂಬುದೇ ಈ ಲೇಖನದ ವಿಷಯ.

ಹೊರಗಿನವರ ಉತ್ಸಾಹದಿಂದ ಮಾತ್ರ ನಡೆದ ಗ್ರಾಮೋದ್ಧಾರಕ್ಕೆ ಆಯುಷ್ಯವೆಷ್ಟೆಂಬುದನ್ನು ಗುರ್‌ಗಾಂವ್ ಜಿಲ್ಲೆಯ ಚರಿತ್ರೆಯು ತೋರಿಸುತ್ತದೆ. ಅಲ್ಲಿ ೧೯೨೦ರ ದಶಕದಲ್ಲಿ ಡೆಪ್ಯುಟಿ ಕಮಿಷನರಾಗಿದ್ದ ಎಫ್. ಎಲ್. ಬ್ರೇಯ್ನ್ ಎಂಬವರು ಗೊಬ್ಬರದ ಗುಂಡಿ, ಕಬ್ಬಿಣದ ನೇಗಿಲು, ಒಳ್ಳೆಯ ತಳಿಯ ಹೋರಿ, ಗ್ರಾಮನೈರ್ಮಲ್ಯ ಮೊದಲಾದವುಗಳಿಗಾಗಿ ಹಗಲಿರುಳು ದುಡಿದರು. ಅದಕ್ಕಾಗಿ ಶಾಲೆಯೊಂದನ್ನು ತೆರೆದು ಗ್ರಾಮ ಮಾರ್ಗದರ್ಶಕರನ್ನು ತಯಾರು ಮಾಡಿದರು. ಅವರ ಶ್ರದ್ಧೆಯಲ್ಲಿ ಲೋಪವಿರಲಿಲ್ಲ. ಆದರೆ ಚಾಲನೆಯೆಲ್ಲವೂ ಕಚೇರಿಯಿಂದ ಬರುತ್ತಿದ್ದುದರಿಂದ, ಅವರಿಗೆ ವರ್ಗವಾದ ಮೇಲೆ ಕೆಲಸದ ಬಹುಭಾಗವು ನಿಂತುಹೋಯಿತು. ಅದೇ ಕಾಲದಲ್ಲಿ, ೧೯೨೨ರಲ್ಲಿ, ರವೀಂದ್ರನಾಥ ಠಾಕೂರರ ಆಶ್ರಯದಲ್ಲಿ ಶ್ರೀನಿಕೇತನದ ಕೆಲಸವು ಬಂಗಾಳದ ಸುರೂಲ್ ಗ್ರಾಮದಲ್ಲಿ ಆರಂಭವಾಯಿತು. ಅಲ್ಲಿನವರು ಸುತ್ತಲಿನ ಹಳ್ಳಿಗಳ ಹುಡುಗರನ್ನೇ ವ್ರತೀ ಬಾಲಕರೆಂಬ ದಳಗಳಾಗಿ ಕೂಡಿಸಿ ಗ್ರಾಮಸೇವೆಗೆ ತೊಡಗಿಸಿದರು. ಊರಿನ ಮಗನು ಮಾಡಿದ ಕೆಲಸಕ್ಕೆ ವರ್ಗಾವಣೆಯ ಭಯವಿಲ್ಲ.

ಸಮೀಪ ಕಾಲದ ನಿದರ್ಶನವು ನೆರೆಯ ಮಹಾರಾಷ್ಟ್ರದ್ದು. ಅಲ್ಲಿ ೨೦೧೬ರಲ್ಲಿ ಪಾನೀ ಫೌಂಡೇಷನ್ ಎಂಬ ಸಂಸ್ಥೆಯವರು ವರೂಡ್, ಕೋರೆಗಾಂವ್, ಅಂಬಾಜೋಗಾಯಿ ಎಂಬ ಮೂರು ತಾಲ್ಲೂಕುಗಳ ೧೧೬ ಗ್ರಾಮಗಳ ನಡುವೆ ಜಲಸಂರಕ್ಷಣೆಯ ಸ್ಪರ್ಧೆಯನ್ನು ಏರ್ಪಡಿಸಿದರು. ಸಂಸ್ಥೆಯವರು ಗ್ರಾಮಗಳಿಗೆ ಮುಖ್ಯವಾಗಿ ಕೊಟ್ಟದ್ದು ಹಣವನ್ನಲ್ಲ, ಶಿಕ್ಷಣವನ್ನು. ಪ್ರತಿ ಗ್ರಾಮದಿಂದ ಸ್ತ್ರೀಯರೂ ಸೇರಿದಂತೆ ಕೆಲವರು ಬಂದು ಕೆಲವು ದಿನ ತರಬೇತಿಯ ಸ್ಥಳದಲ್ಲಿಯೇ ತಂಗಿ, ಇಳಿಜಾರನ್ನು ಅಳೆಯುವುದು, ಸಮಮಟ್ಟದ ಕಂದಕವನ್ನು ಗುರುತಿಸುವುದು, ಊರವರನ್ನು ಶ್ರಮದಾನಕ್ಕೆ ಕೂಡಿಸುವುದು ಇವುಗಳನ್ನು ಕಲಿತರು. ಊರಿಗೆ ಹಿಂತಿರುಗಿ ಬೇಸಗೆಯ ಸುಮಾರು ನಲವತ್ತೈದು ದಿನಗಳಲ್ಲಿ ಕೆಲಸ ಮಾಡಿಸಿದರು. ಸಾತಾರಾ ಜಿಲ್ಲೆಯ ವೇಳು ಗ್ರಾಮಕ್ಕೆ ಪ್ರಥಮ ಬಹುಮಾನ ದೊರೆಯಿತು. ಕಂದಕಗಳು ಕ್ರಮೇಣ ತುಂಬಿಹೋಗತಕ್ಕವುಗಳೇ. ಅವುಗಳನ್ನು ಮತ್ತೆ ತೋಡಬಲ್ಲವರು ಊರಿನಲ್ಲಿ ಉಳಿದರೆಂಬುದೇ ಮುಖ್ಯ.

ಇಂತಹ ಸ್ವಯಂಸೇವಕರನ್ನು ಆರಿಸುವಾಗ ಯಜಮಾನರು ಸಾಮಾನ್ಯವಾಗಿ ಹೆಚ್ಚು ಓದಿದವನನ್ನೋ, ಸಭೆಯಲ್ಲಿ ಚೆನ್ನಾಗಿ ಮಾತನಾಡುವವನನ್ನೋ, ಇಲ್ಲವೆ ತಮ್ಮ ಮನೆಯ ಹುಡುಗನನ್ನೋ ಸೂಚಿಸುವುದುಂಟು. ಇವು ಮೂರೂ ಯೋಗ್ಯತೆಗಳಲ್ಲ. ಎಲ್ಲ ಕೇರಿಗಳಲ್ಲಿಯೂ ಯಾವನ ಮಾತಿಗೆ ಬಾಗಿಲು ತೆರೆಯುವುದೋ ಅವನೇ ಯೋಗ್ಯನು. ಐದು ಜನರನ್ನು ಆರಿಸುವುದಾದರೆ ಇಬ್ಬರು ಸ್ತ್ರೀಯರೂ, ಒಬ್ಬ ಜಮೀನಿಲ್ಲದ ಕೂಲಿಗಾರನೂ, ಅಚ್ಚುಕಟ್ಟಿನ ಕೊನೆಯ ಗದ್ದೆಯವನೊಬ್ಬನೂ ಇರುವುದು ಯುಕ್ತ. ಕೊನೆಯ ಗದ್ದೆಯವನಿಗೆ ಕಾಲುವೆಯ ದೋಷಗಳು ತಿಳಿದಿರುವಷ್ಟು ತೂಬಿನ ಬಳಿಯವನಿಗೆ ತಿಳಿದಿರುವುದಿಲ್ಲ. ನೀರಗಂಟಿಯ ಮನೆತನದವರು ಊರಿನಲ್ಲಿ ಇನ್ನೂ ಇದ್ದರೆ ಅವರನ್ನು ಬಿಡಬಾರದು.

ಶಿಕ್ಷಣವು ಕೊಠಡಿಯಲ್ಲಿ ಆರಂಭವಾಗಬಾರದು. ಮೊದಲನೆಯ ದಿನ ಅವರೆಲ್ಲರೂ ಊರಿನ ಒಬ್ಬ ಹಿರಿಯರನ್ನು ಮುಂದಿಟ್ಟುಕೊಂಡು, ನೀರು ಹುಟ್ಟುವ ದಿಣ್ಣೆಯಿಂದ ಕೋಡಿಯವರೆಗೆ ಕಾಲ್ನಡಿಗೆಯಲ್ಲಿ ಬರಬೇಕು. ಎಲ್ಲಿ ಹಳ್ಳವು ಒತ್ತುವರಿಯಾಗಿದೆ, ಎಲ್ಲಿ ರಸ್ತೆಯ ಮೋರಿ ಕಿರಿದಾಗಿ ನೀರು ಬೇರೆ ಕಡೆಗೆ ತಿರುಗಿದೆ, ಎಲ್ಲಿಂದ ಮಣ್ಣು ಕೊಚ್ಚಿ ಬರುತ್ತಿದೆ ಎಂಬುದನ್ನು ಕಣ್ಣಾರೆ ಕಾಣಬೇಕು. “ತಾತನವರೇ, ತೂಬಿನ ಯಾವ ಕಲ್ಲಿನವರೆಗೆ ನೀರು ನಿಂತುದನ್ನು ತಾವು ಕಂಡಿದ್ದೀರಿ?” ಎಂಬ ಒಂದು ಪ್ರಶ್ನೆಯಿಂದ ತಿಳಿಯುವುದು ದಿನವೆಲ್ಲ ನಡೆದ ಉಪನ್ಯಾಸದಿಂದ ತಿಳಿಯಲಾರದು. ಆಮೇಲೆ ಅಳತೆ. ಗಾರೆಯವರು ಬಳಸುವ ನೀರಿನ ಟ್ಯೂಬೊಂದರಿಂದಲೇ ಎರಡು ಸ್ಥಳಗಳ ಎತ್ತರದ ವ್ಯತ್ಯಾಸವನ್ನು ಯಾರಾದರೂ ಅರ್ಧ ದಿನದಲ್ಲಿ ಕಲಿಯಬಹುದು.

ಲೆಕ್ಕವನ್ನೂ ಅಷ್ಟೇ ಸರಳವಾಗಿ ಕಲಿಸಬೇಕು. ಕೆರೆಯಂಗಳದ ಒಂದು ಎಕರೆಯಲ್ಲಿ ಒಂದಡಿ ಹೂಳನ್ನು ತೆಗೆದರೆ ೪೩,೫೬೦ ಘನ ಅಡಿ ಮಣ್ಣಾಗುತ್ತದೆ. ನೂರು ಘನ ಅಡಿ ಹಿಡಿಯುವ ಟ್ರೈಲರಿನಲ್ಲಿ ಇದು ಸುಮಾರು ೪೩೫ ಲೋಡು. ಆ ಸ್ಥಳದಲ್ಲಿ ಒಂದು ಸಲಕ್ಕೆ ಹೆಚ್ಚಾಗಿ ನಿಲ್ಲುವ ನೀರು ಸುಮಾರು ಹನ್ನೆರಡು ಲಕ್ಷ ಲೀಟರು. ಈ ಗೋಡುಮಣ್ಣನ್ನು ಒಂದು ಎಕರೆ ಹೊಲಕ್ಕೆ ಒಂದಂಗುಲ ದಪ್ಪ ಹರಡಲು ೩೬ ಲೋಡು ಬೇಕು. ಮರಳುಮಿಶ್ರಿತ ಕೆಂಪು ಭೂಮಿಗೆ ಇದು ಹಿತ. ಎರೆಭೂಮಿಗೆ ಹಾಕಿ ಪ್ರಯೋಜನವಿಲ್ಲ. ಈ ಅಂಕಿಗಳನ್ನು ಬಲ್ಲ ಸ್ವಯಂಸೇವಕನನ್ನು ಯಂತ್ರದ ಬಾಡಿಗೆಯವರು ಸುಲಭವಾಗಿ ವಂಚಿಸಲಾರರು. ಏರಿಯ ಬುಡಕ್ಕೆ ಸೇರಿದಂತೆ ಅಗೆದರೆ ಏರಿಯು ಕುಸಿಯುವುದೆಂಬುದನ್ನೂ, ತೂಬಿನ ಹೊಸ್ತಿಲಿಗಿಂತ ಕೆಳಗೆ ತೋಡಿದ ಹಳ್ಳದ ನೀರು ದನಕರುಗಳಿಗೂ ಬಾವಿಗಳ ಒರತೆಗೂ ಆದೀತಲ್ಲದೆ ಗದ್ದೆಗೆ ಹರಿಯದೆಂಬುದನ್ನೂ ಅವನು ತಿಳಿದಿರಬೇಕು. ಯಾವ ಕೆಲಸಕ್ಕೂ ಮುಂಚೆ ಅನುಮತಿ ಬೇಕು: ಅಚ್ಚುಕಟ್ಟು ೪೦ ಹೆಕ್ಟೇರಿಗಿಂತ ಕಡಮೆಯಿರುವ ಕೆರೆಗಳಿಗೆ ಪಂಚಾಯತಿಯ ಕಡೆಯಿಂದ, ಅದಕ್ಕೆ ಮೇಲ್ಪಟ್ಟ ಕೆರೆಗಳಿಗೆ ಸಣ್ಣ ನೀರಾವರಿ ಇಲಾಖೆಯಿಂದ.

ಇವೆಲ್ಲವುಗಳಿಗಿಂತ ಕಷ್ಟವಾದುದು ಸಭೆಯನ್ನು ನಡೆಸುವುದು. ಸ್ವಯಂಸೇವಕನ ಕೆಲಸ ತೀರ್ಪು ಹೇಳುವುದಲ್ಲ, ಪ್ರಶ್ನೆ ಕೇಳುವುದು. ಮಾತನಾಡದೆ ಹಿಂದೆ ಕುಳಿತವರಿಂದ ಮಾತನ್ನು ಹೊರಡಿಸುವುದು. ಎಲ್ಲರೂ ಒಪ್ಪಿದ್ದನ್ನು ಎಲ್ಲರೆದುರಿಗೆ ಬರೆದು ಓದಿ ಹೇಳುವುದು. ಯಜಮಾನರು ಮೊದಲೇ ತಮ್ಮ ಅಭಿಪ್ರಾಯವನ್ನು ಹೇಳಿಬಿಟ್ಟರೆ ಉಳಿದವರು “ತಾವು ಹೇಳಿದ ಹಾಗೇ ಆಗಲಿ, ಸ್ವಾಮಿ” ಎಂದು ಎದ್ದುಹೋಗುತ್ತಾರೆ. ಮರುದಿನ ಗುದ್ದಲಿ ಹಿಡಿದು ಯಾರೂ ಬರುವುದಿಲ್ಲ. ಆದಕಾರಣ ಇಂತಹ ಸಭೆಯಲ್ಲಿ ಯಜಮಾನರು ಕೊನೆಗೆ ಮಾತನಾಡುವುದು ಲೇಸು. ಹಾರ ತುರಾಯಿಗಳ ಸಮಾರಂಭವನ್ನು ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬಹುದು.

ಇಲ್ಲಿ ಹಿಡುವಳಿದಾರರು ವಿಶೇಷವಾಗಿ ಗಮನಿಸತಕ್ಕ ವಿಷಯವೊಂದುಂಟು. ಕೆರೆಯು ತುಂಬಿದರೆ ಲಾಭ ಅಚ್ಚುಕಟ್ಟಿನಲ್ಲಿ ಜಮೀನುಳ್ಳವರಿಗೆ. ಮಣ್ಣು ಹೊರುವವರು ಬಹುಮಟ್ಟಿಗೆ ಜಮೀನಿಲ್ಲದವರು. ಅವರಿಗೇನು ಬರುವುದೆಂಬುದು ನಿಶ್ಚಯವಾಗದೆ ಶ್ರಮದಾನವೆಂಬ ಮಾತನ್ನಾಡುವುದು ಬಿಟ್ಟಿಗೆ ಹೊಸ ಹೆಸರಿಟ್ಟಂತೆ. ಹರಿಯಾಣದಲ್ಲಿ, ಚಂಡೀಗಢದ ಸಮೀಪದ ಸುಖೋಮಾಜ್ರಿ ಗ್ರಾಮದವರು ಈ ತೊಡಕನ್ನು ಬಿಡಿಸಿದ ಕ್ರಮವು ತಿಳಿಯತಕ್ಕದ್ದಾಗಿದೆ. ಅಲ್ಲಿನ ಬೋಳು ಗುಡ್ಡಗಳಿಂದ ಕೊಚ್ಚಿಬಂದ ಮಣ್ಣು, ೧೯೫೮ರಲ್ಲಿ ಕಟ್ಟಿದ ಸುಖನಾ ಸರೋವರವನ್ನು ತುಂಬುತ್ತಿತ್ತು. ೧೯೭೦ರ ದಶಕದಲ್ಲಿ ಪಿ. ಆರ್. ಮಿಶ್ರಾ ಎಂಬ ಮಣ್ಣು ಸಂರಕ್ಷಣಾ ತಜ್ಞರ ನೆರವಿನಿಂದ ಊರಿನ ಮೇಲ್ಗಡೆ ಮಣ್ಣಿನ ಸಣ್ಣ ಕಟ್ಟೆಗಳನ್ನು ಹಾಕಲಾಯಿತು. ಕಟ್ಟೆಯ ನೀರು ಕೆಲವರ ಹೊಲಗಳಿಗೆ ಮಾತ್ರ ಹೋದರೆ ಉಳಿದವರು ಗುಡ್ಡದ ಮೇಲೆ ಆಡು ಮೇಯಿಸುವುದನ್ನು ಬಿಡುವುದೇಕೆ? ಕಡೆಗೆ ಜಮೀನಿರಲಿ ಇಲ್ಲದಿರಲಿ ಪ್ರತಿ ಮನೆಗೂ ನೀರಿನಲ್ಲಿ ಸಮಪಾಲೆಂದೂ, ಜಮೀನಿಲ್ಲದವನು ತನ್ನ ಪಾಲನ್ನು ಮಾರಬಹುದೆಂದೂ ಗೊತ್ತುಮಾಡಿದರು. ಗುಡ್ಡದ ಮೇಲೆ ಮೇಯಿಸುವುದನ್ನು ಊರವರೇ ನಿಲ್ಲಿಸಿದರು. ಹುಲ್ಲೂ ಮರಗಳೂ ಮತ್ತೆ ಬೆಳೆದವು.

ನಮ್ಮ ಕೆರೆಗಳಲ್ಲಿ ನೀರನ್ನೇ ಹೀಗೆ ಹಂಚುವುದು ಎಲ್ಲೆಡೆ ಸಾಧ್ಯವಾಗದಿರಬಹುದು. ಆದರೆ ಮೀನಿನ ಹುಟ್ಟುವಳಿ, ಅಂಗಳದ ಹುಲ್ಲು, ಏರಿಯ ಕೆಳಗಿನ ಮರಗಳ ಫಲ, ಇವುಗಳಲ್ಲಿ ಪಾಲನ್ನು ಪಂಚಾಯತಿಯ ಒಪ್ಪಿಗೆಯೊಡನೆ ಗೊತ್ತುಮಾಡಬಹುದು. ಕೆಲಸ ಮಾಡಿದ ದಿನಗಳಿಗೆ ಅಚ್ಚುಕಟ್ಟಿನವರು ಎಕರೆಗಿಷ್ಟೆಂದು ಕೂಡಿಹಾಕಿ ಕೂಲಿಯನ್ನೇ ಕೊಡಬಹುದು. ೨೦೦೨ರಿಂದ ಜಲ ಸಂವರ್ಧನ ಯೋಜನಾ ಸಂಘದ ಮೂಲಕ ಈ ರಾಜ್ಯದಲ್ಲಿ ಕೆರೆ ಬಳಕೆದಾರರ ಸಂಘಗಳು ಸ್ಥಾಪಿತವಾದ ಗ್ರಾಮಗಳಲ್ಲಿ ಅದೇ ಸಂಘವನ್ನು ಪುನಃ ಕರೆಯುವುದು ಹೊಸದೊಂದನ್ನು ಹುಟ್ಟಿಸುವುದಕ್ಕಿಂತ ಮೇಲು.

ಸ್ವಯಂಸೇವಕರಿಗೆ ಶಿಕ್ಷಣ ಕೊಡಲು ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲವು ಉತ್ತಮ. ಕೊಯ್ಲು ಮುಗಿದಿರುತ್ತದೆ, ಅಂಗಳವು ಒಣಗುತ್ತ ಬರುತ್ತದೆ, ಮುಂಗಾರಿಗೆ ಮುಂಚೆ ಕಾಲುವೆಯ ಕೆಲಸವನ್ನು ಮುಗಿಸಲು ಅವಕಾಶವಿರುತ್ತದೆ. ಮೊದಲನೆಯ ವರ್ಷ ರಾಜಕಾಲುವೆ, ತೂಬು, ಕೋಡಿ ಇವಿಷ್ಟನ್ನೇ ಹಿಡಿಯಬೇಕು. ನೀರು ಬರುವ ದಾರಿಯು ಮುಚ್ಚಿರುವಾಗ ಹೂಳೆತ್ತುವುದು ವ್ಯರ್ಥ. ಮೊದಲನೆಯ ದೊಡ್ಡ ಮಳೆ ಬಿದ್ದ ರಾತ್ರಿ ಇಬ್ಬರು ಏರಿಯ ಮೇಲೂ ಒಬ್ಬನು ಕೋಡಿಯ ಬಳಿಯೂ ಇದ್ದು, ಹೆಚ್ಚು ನೀರು ನಿಲ್ಲಲೆಂದು ಯಾರಾದರೂ ಕೋಡಿಗೆ ಮರಳಿನ ಚೀಲ ಒಡ್ಡಿದ್ದರೆ ಅದನ್ನು ಕೂಡಲೆ ತೆಗೆಸಬೇಕು. ಹಾಗೆ ಒಡ್ಡಿದವರು ಊರಿನ ಯಜಮಾನರೇ ಆಗಿದ್ದರೂ ಸರಿಯೆ.